ಭಾವ ನೋಡ್ತಿರ್ತಾರೆ

ಮಾರ್ಚ್ ೪

ಪ್ರೀತಿಯ ಅಲೆಮಾರಿಗೆ,

ಪೂರ್ಣ ಎಚ್ಚರದಲ್ಲಿ, ಯಾರ ಬಲವಂತವೂ ಇಲ್ಲದೆ, ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು (ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಎಡಗೈಯಲ್ಲಿ ಬರೆಯುತ್ತಿದ್ದೇನೆ) ಒಪ್ಪಿಕೊಳ್ಳುತ್ತೇನೆ: ನಿನ್ನ ಅಕ್ಕನ ಗಂಡ ಕಳ್ಳ. ಕದ್ದ ಮಾಲು, ಹಿತ್ತಾಳೆ ಕಟ್ಟಿನ ಒಂದು ಹಳೆಯ ಬ್ಯಾರೋಮೀಟರ್. ಕದ್ದ ಜಾಗ, ನಮ್ಮ ಹವಾಮಾನ ಕಚೇರಿಯ ಪಡಸಾಲೆ. ಟವೆಲಿನಲ್ಲಿ ಸುತ್ತಿ, ಊಟದ ಚೀಲದೊಳಗೆ ತುರುಕಿ, ಮುಂಬಾಗಿಲಿನಿಂದಲೇ ನಡೆದು ಬಂದೆ. ಕಾವಲಿನವನು ಬಾಗಿಲು ಹಿಡಿದು ನಿಂತು, "ಏನ್ ಸಾರ್, ಡಬ್ಬಿ ದೊಡ್ಡದಾಗಿದೆ?" ಎಂದ. "ಹಸಿವೂ ದೊಡ್ಡದಾಗಿದೆ ಕಣಪ್ಪ" ಎಂದೆ. ಇಬ್ಬರೂ ನಕ್ಕೆವು. ಅಪರಾಧದಲ್ಲಿ ಈಗ ಅವನೂ ಪಾಲುದಾರ.

ಗೋಡೆಯ ಮೇಲೆ ಅದು ಇದ್ದ ಜಾಗದಲ್ಲಿ ಬಿಳಿಚಿಕೊಂಡ ಒಂದು ದುಂಡು ಗುರುತು ಉಳಿದಿದೆ. ಹಾದುಹೋಗುವವರು ಈಗಲೂ ಅಭ್ಯಾಸಬಲದಿಂದ ಆ ಗುರುತಿನ ಕಡೆ ಕಣ್ಣು ಹಾಯಿಸಿ ತಲೆಯಾಡಿಸುತ್ತಾರೆ. ಮುಖ್ಯಸ್ಥರಂತೂ ನಿನ್ನೆ ಅದರ ಮುಂದೆ ನಿಂತು, "ಇವತ್ತು ಒತ್ತಡ ಕಮ್ಮಿ ಇದೆ ಕಣ್ರೀ" ಎಂದರು. ಅವರ ಹೆಂಡತಿ ತವರಿಗೆ ಹೋಗಿದ್ದಾರಂತೆ, ಇದ್ದರೂ ಇರಬಹುದು.

ಕದ್ದದ್ದಕ್ಕೆ ಕಾರಣ ಕರುಣೆ. ಹಳೆಯ ಉಪಕರಣಗಳನ್ನೆಲ್ಲ ಗುಜರಿಗೆ ಹಾಕಿ ಎಂದು ಆದೇಶ ಬಂತು. ಆ ಆದೇಶಕ್ಕೆ ಕಾರಣ ಯಾರು? ಈ ನಿನ್ನ ಭಾವ. ನನ್ನ ಕೆಲಸ ಏನೆಂದು ನಿನ್ನ ಅಕ್ಕನಿಗೆ ಮದುವೆಯಾದಾಗಿನಿಂದ ವಿವರಿಸುತ್ತಿದ್ದೇನೆ, ಆಕೆ ಪ್ರತಿ ಸಲವೂ "ಅಂದ್ರೆ ಗಾಳಿಮಾತು" ಎನ್ನುತ್ತಾಳೆ. ನಿನಗಾದರೂ ಹೇಳುತ್ತೇನೆ. ಉಪಗ್ರಹ ಮೇಲಿನಿಂದ ಕಡಲಿನ ಕಡೆ ರೇಡಿಯೋ ಅಲೆ ಬಿಡುತ್ತದೆ. ನೀರು ನಯವಾಗಿದ್ದರೆ ಒಂದು ಥರ, ಗಾಳಿಗೆ ಸುಕ್ಕುಗಟ್ಟಿದ್ದರೆ ಇನ್ನೊಂದು ಥರ ಅದು ತಿರುಗಿ ಬರುತ್ತದೆ. ಆ ಸುಕ್ಕಿನಿಂದ ಗಾಳಿ ಎಷ್ಟು ಜೋರು, ಯಾವ ಕಡೆಗೆ ಎಂದು ತಿಳಿಯುತ್ತದೆ. ಗಾಳಿ ಸುಮ್ಮನೆ ಬೀಸುವುದಿಲ್ಲವಷ್ಟೆ, ಒತ್ತಡದ ಏರಿಳಿತ ಇದ್ದಲ್ಲಿ ಬೀಸುತ್ತದೆ. ಹಾಗಾಗಿ ಗಾಳಿಯಿಂದ ಲೆಕ್ಕ ಹಿಡಿದು ಹಿಂದಕ್ಕೆ ಹೋದರೆ, ಕಡಲಿನ ಮೇಲೆ ಎಲ್ಲಿ ಒತ್ತಡದ ಗುಡ್ಡ, ಎಲ್ಲಿ ಒತ್ತಡದ ಕುಳಿ ಎಂದು ನಕ್ಷೆ ಬರೆಯಬಹುದು. ಯಾರೂ ಹೋಗದ ಕಡಲು, ಯಾವ ಬ್ಯಾರೋಮೀಟರೂ ಇಲ್ಲದ ಕಡಲು. ನೀರಿನ ಮುಖ ನೋಡಿ ಗಾಳಿ ಹೇಳುತ್ತೇನೆ, ಗಾಳಿಯ ಮುಖ ನೋಡಿ ಒತ್ತಡ ಹೇಳುತ್ತೇನೆ. ನಿನ್ನ ಅಕ್ಕನ ಮುಖ ಮಾತ್ರ ಇನ್ನೂ ಅಭ್ಯಾಸದಲ್ಲಿದೆ.

ಒಂದು ಸಣ್ಣ ಕೊರತೆ ಉಂಟು. ಗಾಳಿ ಹೇಳುವುದು ಏರಿಳಿತವನ್ನು ಮಾತ್ರ. ಮೆಟ್ಟಿಲು ಎಷ್ಟು ಹತ್ತಿದೆ ಎಂದು ಗೊತ್ತು, ಯಾವ ಮಹಡಿಯಿಂದ ಹೊರಟೆ ಎಂದು ಗೊತ್ತಿಲ್ಲ ಎನ್ನುವ ಹಾಗೆ. ಅದಕ್ಕೆ ಎಲ್ಲಾದರೂ ಒಂದು ಕಡೆ ನಿಜವಾದ ಬ್ಯಾರೋಮೀಟರಿನ ಒಂದೇ ಒಂದು ಅಂಕಿ ಬೇಕು. ಆದರೆ ಕಡಲಿನಲ್ಲಿ ಯಾರಾದರೊಬ್ಬ ಬಡಪಾಯಿ ಸಿಕ್ಕೇ ಸಿಗುತ್ತಾನೆ, ನಿನ್ನಂಥವನು. ಅದನ್ನು ಕೊರತೆ ಎನ್ನುವುದೇ ತಪ್ಪು.

ಹಡಗಿನ ಮೇಲ್‌ಗೆ ಬರೆಯುವುದಿಲ್ಲ, ಅದು ನಿಮ್ಮ ಕ್ಯಾಪ್ಟನ್ ಕಣ್ಣ ಮುಂದೆ ಹಾದು ಬರುತ್ತದೆ ಎಂದೆಯಲ್ಲ. ನನ್ನ ಕಳ್ಳತನ ಕುಟುಂಬದೊಳಗೇ ಇರಲಿ. ಹೀಗೆ ಕಾಗದವನ್ನೇ ಬಂದರಿನ ಏಜೆಂಟನ ವಿಳಾಸಕ್ಕೆ ಹಾಕುತ್ತಿರುತ್ತೇನೆ.

ಕಳ್ಳನಾದರೂ ನಿನ್ನವನೇ ಆದ,
ಭಾವ


ಮಾರ್ಚ್ ೨೯

ಭಾವನವರಿಗೆ ನಮಸ್ಕಾರ.

ಕಾಗದ ಬಂತು. ನಗುವುದಕ್ಕೆ ಏನಾದರೂ ಬೇಕಿತ್ತು. ಅಕ್ಕ ಎರಡು ಸಾಲು ಕೂಡ ಬರೆದಿಲ್ಲ. ನಾನು ಮತ್ತೊಂದು ವರ್ಷಕ್ಕೆ ಸಹಿ ಹಾಕಿದ್ದಕ್ಕೆ ಇನ್ನೂ ಸಿಟ್ಟೋ?

ನಿಮ್ಮ ಬಡಪಾಯಿಯ ದಿನಚರಿ ಕೇಳಿ. ನಮ್ಮ ಹಡಗಿಗೆ ಎಲ್ಲರೂ ಮುದುಕಿ ಎನ್ನುತ್ತಾರೆ. ನಡೆದರೆ ಕೀಲು ಕೀಲೂ ಸದ್ದು ಮಾಡುತ್ತದೆ. ನಾನು ಇದರ ಎರಡನೇ ಅಧಿಕಾರಿ, ಅಂದರೆ ಮೊದಲನೆಯವರು ಒಲ್ಲೆ ಎಂದ ಕೆಲಸವೆಲ್ಲ ನನ್ನದು. ಅದರಲ್ಲಿ ಒಂದು ಹವೆ ನೋಡುವುದು. ಆರು ಗಂಟೆಗೊಮ್ಮೆ ಮೇಲಿನ ಕೋಣೆಯ ಬ್ಯಾರೋಮೀಟರ್ ಓದಿ, ಗಾಳಿ, ಅಲೆ, ನಾವಿರುವ ಜಾಗ ಎಲ್ಲವನ್ನೂ ಅಂಕಿಗಳಲ್ಲಿ ಒಂದು ಪೆಟ್ಟಿಗೆಗೆ ಒತ್ತಬೇಕು. ಪೆಟ್ಟಿಗೆ ಚಪ್ಪಲಿ ಡಬ್ಬದಷ್ಟಿದೆ. ಅದಕ್ಕೆ ಅದರದ್ದೇ ಬ್ಯಾಟರಿ, ಅದರದ್ದೇ ಆಂಟೆನಾ. ಅಂಕಿ ಬಿಟ್ಟು ಒಂದಕ್ಷರ ಕಳಿಸಲು ಬರುವುದಿಲ್ಲ, ನಿಮ್ಮ ಕಚೇರಿ ಬಿಟ್ಟು ಬೇರೆ ಎಲ್ಲಿಗೂ ಹೋಗುವುದಿಲ್ಲ.

ನಮ್ಮ ಎಂಜಿನ್ ಮುಖ್ಯಸ್ಥರಿಗೆ ನಾವು ತಾತ ಎನ್ನುತ್ತೇವೆ. ವಯಸ್ಸಿಗಿಂತ ಗೊಣಗಾಟಕ್ಕೆ ಆ ಹೆಸರು ಬಂದದ್ದು. ಮೊನ್ನೆ ನಾನು ಅಂಕಿ ಒತ್ತುವಾಗ ಹಿಂದೆ ಬಂದು ನಿಂತರು.

"ಯಾರಿಗೋ ಇದು, ದಿನಕ್ಕೆ ನಾಲ್ಕು ಸಲ? ಹುಡುಗೀನಾ?"

"ಅಲ್ಲ ತಾತ, ನಮ್ ಭಾವಂಗೆ."

"ಕರ್ಮ" ಎಂದು ಹೇಳಿ ಕೆಳಗಿಳಿದು ಹೋದರು.

ಅಕ್ಕನಿಗೆ ಹೇಳಿ, ಚೆನ್ನಾಗಿದ್ದೇನೆ ಅಂತ.

ನಿಮ್ಮ ಮೈದುನ


ಏಪ್ರಿಲ್ ೧೮

ಪ್ರೀತಿಯ ಅಲೆಮಾರಿಗೆ,

ಕೂತಿದ್ದೀಯಾ? ಕೂತುಕೋ. ನಿನ್ನನ್ನು ಕಪ್ಪುಪಟ್ಟಿಗೆ ಸೇರಿಸಿದ್ದೇನೆ.

ನಿನ್ನ ಹೆಮ್ಮೆಯ ಬ್ಯಾರೋಮೀಟರ್ ಸುಳ್ಳು ಹೇಳುತ್ತದೆ, ಅದೂ ನಿಯತ್ತಾಗಿ, ದಿನಕ್ಕೆ ನಾಲ್ಕು ಸಲ. ಅಕ್ಕಪಕ್ಕದ ಹಡಗುಗಳೆಲ್ಲ ಒಂದು ಹೇಳಿದರೆ ನೀನು ಅದಕ್ಕಿಂತ ಒಂದು ಮಹಡಿ ಮೇಲೆ. ನನ್ನ ಗಾಳಿ ನಕ್ಷೆಯನ್ನು ನಿನ್ನ ಅಂಕಿಗೆ ಕಟ್ಟಿದೆನೋ, ಇಡೀ ಕಡಲು ಉಬ್ಬಿಕೊಳ್ಳುತ್ತದೆ. ಇಂಥ ಹಡಗುಗಳಿಗೆ ನಮ್ಮಲ್ಲಿ ಒಂದು ಪಟ್ಟಿ ಇದೆ. ಅದರ ಬೀಗದಕೈ ನನ್ನ ಹತ್ತಿರ. ಪಟ್ಟಿಗೆ ಸೇರಿದ ಹಡಗಿನ ಸಾಲು ನನ್ನ ಪರದೆಗೆ ಬರುವುದಿಲ್ಲ, ನೇರ ಹಿಂದಿನ ಒಂದು ಕಡತಕ್ಕೆ ಹೋಗಿ ಬೀಳುತ್ತದೆ. ನಾವು ಅದಕ್ಕೆ ಕಸದಬುಟ್ಟಿ ಎನ್ನುತ್ತೇವೆ. ಯಾರೂ ತೆರೆದು ನೋಡುವುದಿಲ್ಲ.

ಸ್ವಂತ ಮೈದುನನನ್ನೇ ಪಟ್ಟಿಗೆ ಸೇರಿಸಿದ ನಿಷ್ಠುರ ಅಧಿಕಾರಿ ಎಂದು ಕಚೇರಿಯಲ್ಲಿ ನನಗೆ ಹವಾ ಬಂದಿದೆ. ಹವಾಮಾನದವನಿಗೆ ಹವಾ, ಹವಾ ಇದ್ದವನಿಗೆ ಮಾನ. ನಿನ್ನ ಅಕ್ಕನಿಗೆ ಹೇಳಿದೆ. ಆಕೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, "ಅವನ್ ಮಾತು ಕೇಳಲ್ಲ ಅಂತ ನೀವ್ಯಾಕ್ರೀ ಪಟ್ಟಿ ಮಾಡ್ಬೇಕು, ಇಡೀ ಮನೇನೇ ಕೇಳಲ್ಲ" ಎಂದಳು. ಸಿಟ್ಟು ಇಳಿದಿಲ್ಲ ಎಂದು ನನ್ನ ಅಂದಾಜು. ನಿನ್ನೆಗಿಂತ ಕಮ್ಮಿ, ಮೊನ್ನೆಗಿಂತ ಜಾಸ್ತಿ. ಒಟ್ಟು ಎಷ್ಟು ಎಂದು ಕೇಳಬೇಡ.

ಕದ್ದ ಮಾಲು ಈಗ ನಮ್ಮ ಹೊರಕೋಣೆಯ ಗೋಡೆಯ ಮೇಲಿದೆ. ಮುಳ್ಳು "ಒಳ್ಳೆಯ ಹವೆ" ಎಂಬಲ್ಲಿ ನಿಂತಿದೆ.

ಕಪ್ಪುಪಟ್ಟಿಯ ಯಜಮಾನ,
ನಿನ್ನ ಭಾವ


ಮೇ ೧೧

ಭಾವ,

ನಿಮ್ಮ ಕಾಗದವನ್ನು ಊಟದ ಮನೆಯಲ್ಲಿ ಓದಿಬಿಟ್ಟೆ, ತಪ್ಪು ಮಾಡಿದೆ. ಈಗ ಅಡುಗೆಯವನೂ ನನ್ನನ್ನು ಕಪ್ಪುಪಟ್ಟಿ ಎಂದು ಕರೆಯುತ್ತಾನೆ.

ಆದರೆ ತಪ್ಪು ಸಿಕ್ಕಿತು. ಬ್ಯಾರೋಮೀಟರ್ ಇರುವುದು ಹಡಗಿನ ಮೇಲಿನ ಕೋಣೆಯಲ್ಲಿ, ನೀರಿನಿಂದ ಬಹಳ ಎತ್ತರದಲ್ಲಿ. ಎತ್ತರಕ್ಕೆ ಹೋದಷ್ಟೂ ಒತ್ತಡ ಕಮ್ಮಿ, ಹಾಗಾಗಿ ಓದಿದ ಅಂಕಿಗೆ ಸ್ವಲ್ಪ ಕೂಡಿಸಿ ನೀರಿನ ಮಟ್ಟಕ್ಕೆ ತರಬೇಕು. ನಾನು ಕೂಡಿಸುತ್ತಿದ್ದೆ. ನನಗಿಂತ ಮುಂಚೆ ಇದ್ದ ಪುಣ್ಯಾತ್ಮ, ದಿನಾ ಕೂಡಿಸುವ ತಾಪತ್ರಯವೇ ಬೇಡ ಎಂದು ಹಿಂಬದಿಯ ತಿರುಪು ತಿರುಗಿಸಿ ಮುಳ್ಳನ್ನೇ ಮೇಲಕ್ಕೆ ಸರಿಸಿಟ್ಟಿದ್ದಾನೆ. ಹೋಗುವಾಗ ಯಾರಿಗೂ ಹೇಳಿಲ್ಲ. ಕೂಡಿಸಿದ್ದಕ್ಕೆ ಮತ್ತೆ ಕೂಡಿಸಿದ್ದೇನೆ. ಕಂಡುಹಿಡಿದವರು ತಾತ. ತಿರುಪಿನ ಮೇಲಿನ ಗೀರು ನೋಡಿ, "ಯಾರೋ ಸೋಮಾರಿ ಇಲ್ಲಿ ಕೈ ಆಡ್ಸಿದಾನೆ" ಎಂದರು. ಈಗ ಸರಿಮಾಡಿದ್ದೇನೆ.

ಭಾವ, ತಮಾಷೆ ಸಾಕು, ಪಟ್ಟಿಯಿಂದ ತೆಗೆದುಬಿಡಿ. ನಿಮ್ಮ ನಕ್ಷೆಗೆ ನನ್ನ ಅಂಕಿ ಬೇಕಾಗಲಿ ಬಿಡಲಿ, ಅದು ನಿಮ್ಮ ಕಣ್ಣಿಗೆ ಬೀಳುತ್ತದೆ ಎನ್ನುವುದು ನನಗೆ ಬೇಕು. ಇಲ್ಲಿ ವಾರಗಟ್ಟಲೆ ನೀರು ಬಿಟ್ಟರೆ ನೀರು. ದಿನಕ್ಕೆ ನಾಲ್ಕು ಸಲ ಮನೆಯ ಬಾಗಿಲು ತಟ್ಟಿದ ಹಾಗೆ ಅದು.

ನಿಮ್ಮ ಮೈದುನ


ಜೂನ್ ೨

ಪ್ರೀತಿಯ ಅಲೆಮಾರಿಗೆ,

ನಿನ್ನ ಮೇಲ್ಮನವಿ ತಲುಪಿತು. ಪಟ್ಟಿಯಿಂದ ತೆಗೆಯಬೇಕಾದರೆ ಕಸದಬುಟ್ಟಿ ತೆರೆದು, ನಿನ್ನ ಸಾಲುಗಳನ್ನು ಬೇರೆ ಹಡಗುಗಳ ಜೊತೆ ಒಂದಷ್ಟು ದಿನ ತೂಗಿ ನೋಡಿ, ಒಂದು ಟಿಪ್ಪಣಿ ಬರೆದು, ಮುಖ್ಯಸ್ಥರ ಸಹಿ ಹಾಕಿಸಬೇಕು. ಅವರು ಸಹಿ ಹಾಕುವ ಪೆನ್ನು ಹುಡುಕುವಷ್ಟರಲ್ಲಿ ನಿಮ್ಮ ಮುದುಕಿ ಭೂಮಿ ಸುತ್ತಿ ಬಂದಿರುತ್ತಾಳೆ. ಇರಲಿ, ಆಯಿತು ಅಂತಲೇ ಇಟ್ಟುಕೋ. ಬಾಗಿಲು ತಟ್ಟುತ್ತಾ ಇರು. ನಾನು ಬೆಳಿಗ್ಗೆ ಕಚೇರಿಗೆ ಬಂದು, ಕಾಫಿ ಲೋಟ ಮೇಜಿನ ಮೇಲಿಟ್ಟು, ಮೊದಲು ನೋಡುವುದೇ ನಿನ್ನ ಸಾಲನ್ನು. ನಿನ್ನ ಅಕ್ಕನಿಗೂ ಸಂಜೆ ಬಂದು ವರದಿ ಒಪ್ಪಿಸುತ್ತೇನೆ, "ನಿನ್ ತಮ್ಮ ಚೆನ್ನಾಗಿದಾನೆ, ಅಲೆ ಸಣ್ಣದಿದೆ" ಎಂದು. ಆಕೆ ಕೇಳದ ಹಾಗೆ ಮಾಡಿ ಕೇಳುತ್ತಾಳೆ.

ಇನ್ನೊಂದು ತಮಾಷೆ. ನಿನ್ನ ಅಕ್ಕ ನನ್ನ ಕಳವಿನ ಮಾಲಿಗೆ ಒಲಿದಿದ್ದಾಳೆ. ಬೆಳಿಗ್ಗೆ ಎದ್ದವಳೇ ಅದರ ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, ಮುಳ್ಳು ನೋಡಿ, ಅಡುಗೆಮನೆಗೆ ಹೋಗುತ್ತಾಳೆ. ಇಲ್ಲಿನ ಗೋಡೆಯ ಮೇಲಿನ ಮುಳ್ಳಿಗೂ ನಡುಗಡಲಿನ ಹವೆಗೂ ಸಂಬಂಧವಿಲ್ಲ ಎಂದು ಹೇಳಲು ಬಾಯಿ ತೆರೆದೆ, ಮುಚ್ಚಿದೆ. ನಿನಗೆ ಮಾತ್ರ ಹೇಳುತ್ತೇನೆ, ಊಟದ ಚೀಲಕ್ಕೆ ತುರುಕುವಾಗ ಒಳಗೆ ಏನೋ ಮುರಿಯಿತು. ಮುಳ್ಳು ಅಲ್ಲಾಡುವುದಿಲ್ಲ. "ಒಳ್ಳೆಯ ಹವೆ" ನಮ್ಮ ಮನೆಯಲ್ಲಿ ಈಗ ಖಾಯಂ.

ನಿನ್ನ ಸಾಲು ಕಾಯುತ್ತಿರುವ,
ವಾಯುಭಾರದ ಭಾವ


ಜುಲೈ ೭

ಅಲೆಮಾರಿ,

ಈ ಕಾಗದವನ್ನು ನೀನು ಓದುತ್ತೀ. ಓದುತ್ತೀ ಎಂದೇ ಬರೆಯುತ್ತಿದ್ದೇನೆ. ನೀವು ಮುಟ್ಟಬೇಕಾದ ಬಂದರಿನ ಏಜೆಂಟನಿಗೆ ಹಾಕುತ್ತೇನೆ. ಫೋನ್ ಮಾಡಿದಾಗ ಆತ, "ಕಳಿಸಿ ಸಾರ್, ಇಟ್ಕೊಂಡಿರ್ತೀನಿ" ಎಂದ. ಅವನ ದನಿಯಲ್ಲಿದ್ದ ಮರ್ಯಾದೆ ನನಗೆ ಹಿಡಿಸಲಿಲ್ಲ.

ನಿಮ್ಮ ಕಂಪನಿಯವರು ಬೆಳಿಗ್ಗೆ ಮನೆಗೆ ಫೋನ್ ಮಾಡಿದರು. ಬಿರುಗಾಳಿ ಹಠಾತ್ತಾಗಿ ತಿರುಗಿ ಮುದುಕಿಯ ದಾರಿಗೆ ಬಂತಂತೆ. ಕೊನೆಯ ಮಾತು ಮೊನ್ನೆಯದು. ಆಮೇಲೆ ಫೋನ್ ಇಲ್ಲ, ರೇಡಿಯೋ ಇಲ್ಲ, ಮೇಲ್ ಇಲ್ಲ. "ಸಂಪರ್ಕ ಕಡಿದಿದೆ ಅಷ್ಟೇ ಸಾರ್, ಪ್ರಯತ್ನ ಮಾಡ್ತಿದೀವಿ" ಎನ್ನುತ್ತಾರೆ. ಅಷ್ಟೇ ಎಂಬ ಮಾತನ್ನು ಎಷ್ಟು ಜಾಗದಲ್ಲಿ ಇಡುತ್ತಾರೆ ಈ ಜನ.

ಕಚೇರಿಗೆ ಓಡಿದೆ. ಪರದೆಯ ಮೇಲೆ ಹಡಗುಗಳ ಸಾಲು ಒಂದರ ಕೆಳಗೊಂದು ಬರುತ್ತದೆ. ಮೇಲಿಂದ ಕೆಳಗೆ ನೋಡಿದೆ, ಕೆಳಗಿಂದ ಮೇಲೆ ನೋಡಿದೆ. ನಿನ್ನದಿಲ್ಲ. ಪೆಟ್ಟಿಗೆಗೆ ಅದರದ್ದೇ ಬ್ಯಾಟರಿ ಎಂದು ನೀನು ಬರೆದಿದ್ದೆ. ಹಡಗಿನ ದೀಪವೆಲ್ಲ ಆರಿದರೂ ಅದು ಬದುಕಿರಬೇಕು. ಅದೂ ಮಾತಾಡುತ್ತಿಲ್ಲ ಎಂದರೆ, ಒತ್ತುವ ಬೆರಳು. ಇಲ್ಲ, ಬರೆಯುವುದಿಲ್ಲ.

ಶೋಧನೆಯ ಅಧಿಕಾರಿ ನನ್ನನ್ನೇ ಹುಡುಕಿಕೊಂಡು ಫೋನ್ ಮಾಡಿದ. ಅವರ ರಕ್ಷಣಾ ಹಡಗು ಬಿರುಗಾಳಿಯ ಹೊರಗೆ ನಿಂತಿದೆ. "ಕುಳಿ ಎಷ್ಟು ಆಳ ಇದೆ ಹೇಳಿ ಸಾರ್. ಒಳಗೆ ಬಿಡೋದೋ ಬೇಡ್ವೋ ನೋಡ್ಬೇಕು. ನನ್ ಹಡಗಲ್ಲೂ ಜನ ಇದಾರೆ" ಎಂದ. ನನ್ನ ಹತ್ತಿರ ಗಾಳಿ ಇದೆ. ಉಪಗ್ರಹ ಎರಡು ಸಲ ಮೇಲಿಂದ ಹಾದುಹೋಗಿದೆ. ಮೆಟ್ಟಿಲುಗಳನ್ನೆಲ್ಲ ಎಣಿಸಿದ್ದೇನೆ. ಇಳಿಜಾರು ಭಯಂಕರವಾಗಿದೆ ಎಂದು ಗೊತ್ತು. ಯಾವ ಮಹಡಿಯಿಂದ ಇಳಿಯುತ್ತಿದ್ದೇನೆ ಎಂದು ಗೊತ್ತಿಲ್ಲ. ಆ ಕಡಲಿನಿಂದ ಹಡಗುಗಳೆಲ್ಲ ಓಡಿಹೋಗಿವೆ. ತೇಲುವ ಉಪಕರಣ ಒಂದಿತ್ತು, ಮೊದಲ ಅಲೆಗೇ ಮೂಕವಾಯಿತು. ಒಬ್ಬ ಬಡಪಾಯಿ ಸಿಕ್ಕೇ ಸಿಗುತ್ತಾನೆ ಎಂದಿದ್ದೆನಲ್ಲ, ಒಬ್ಬನೂ ಇಲ್ಲ.

"ನಾಳೆ ಹೇಳ್ತೀನಿ" ಎಂದೆ. "ನಾಳೆ ಅಂದ್ರೆ ನಾಳೇನೇ ಸಾರ್" ಎಂದ.

ನಿನ್ನ ಅಕ್ಕ ಅಳಲಿಲ್ಲ. ಗೋಡೆಯ ಹತ್ತಿರ ಹೋಗಿ ಗಾಜನ್ನು ತಟ್ಟಿದಳು. "ಚೆನ್ನಾಗೇ ಇದೆ" ಎಂದಳು. ನಾನು "ಹೂಂ" ಎಂದೆ. ಇಷ್ಟು ದೊಡ್ಡ ಸುಳ್ಳನ್ನು ನಾನು ಇಷ್ಟು ಚಿಕ್ಕ ಮಾತಿನಲ್ಲಿ ಎಂದೂ ಹೇಳಿರಲಿಲ್ಲ.

ಒಂದು ತಮಾಷೆ ಬರೆದು ಮುಗಿಸೋಣವೆಂದು ಕೂತೆ. ಬರಲಿಲ್ಲ.

ಭಾವ


ಜುಲೈ ೮

ಮರಿ,

ಇವರ ಕೈಲಿ ಕೊಟ್ರೆ ಓದಿಬಿಡ್ತಾರೆ ಅಂತ ನಾನೇ ಅಂಚೆಗೆ ಹಾಕ್ತಿದೀನಿ.

ಪಕ್ಕದ ಮನೆಯವರು ಬಂದಿದ್ರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಒಳಗೆ ಬಂದು, ಮೆಲ್ಲಗೆ ಮಾತಾಡಿದ್ರು. ನೀನು ಎಷ್ಟು ಒಳ್ಳೇವನಾಗಿದ್ದೆ ಅಂತ ಶುರು ಮಾಡಿದ್ರು. ಒಳ್ಳೇವನಾಗಿದ್ದೆ ಅಂದ್ರೇನು, ನನಗೇ ಗೊತ್ತಿಲ್ವಾ ನೀನು ಎಂಥವನು ಅಂತ. ಎದ್ದು ಗ್ಯಾಸ್ ಹಚ್ಚಿ ಖಾಲಿ ಪಾತ್ರೆ ಇಟ್ಟೆ. ಅದು ಸುಟ್ಟ ವಾಸನೆಗೆ ಅವರೇ ಎದ್ದು ಹೋದ್ರು.

ನಿಮ್ಮ ಭಾವ ಊಟ ಬಿಟ್ಟಿದಾರೆ. ಕಚೇರಿಯಿಂದ ಬಂದು ನನ್ನ ಮುಖ ನೋಡ್ತಾರೆ, ನಾನು ಹೆಂಗಿದೀನಿ ಅಂತ ಲೆಕ್ಕ ಹಾಕ್ತಾರೆ. ಆ ಗೋಡೆ ಮೇಲಿನದು ಕೆಟ್ಟಿದೆ ಅಂತ ನನಗೆ ಮೊದಲ ದಿನದಿಂದಲೇ ಗೊತ್ತು ಕಣೋ. ಮಳೆ ಹೊಯ್ತಿದ್ದಾಗಲೂ ಒಳ್ಳೆ ಹವೆ ಅಂತಿತ್ತು. ನಾನು ತಟ್ಟೋದು ನಂಗಲ್ಲ, ಅವರಿಗೆ. ನಾನು ನಂಬಿದೀನಿ ಅಂದ್ಕೊಂಡ್ರೆ ಅವರು ಒಂದು ತುತ್ತು ತಿಂತಾರೆ. ಗಾಳಿ ಓದೋಕೆ ಬರುತ್ತೆ ಆ ಮನುಷ್ಯನಿಗೆ, ಪಕ್ಕದಲ್ಲಿ ಮಲಗಿದವಳನ್ನ ಓದೋಕೆ ಬರಲ್ಲ.

ನೀನು ಹೊರಟ ದಿನ ನಾನು ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ನೀನು ಬಾಗಿಲಲ್ಲಿ ನಿಂತು "ಬರ್ತೀನಕ್ಕಾ" ಅಂದೆ. ಎರಡು ಸಲ ಅಂದೆ. ಎರಡೂ ಕೇಳಿಸ್ತು.

ಬಾ. ಬೈಯೋದು ಬಹಳ ಬಾಕಿ ಇದೆ.

ಅಕ್ಕ


ಜುಲೈ ೯

ಅಲೆಮಾರಿ,

ನಾಳೆ ಎಂದದ್ದು ನಿನ್ನೆಗೆ ಮುಗಿಯಿತು. ಶೋಧನೆಯವನಿಗೆ ಹೇಳಲು ನನ್ನ ಹತ್ತಿರ ಇನ್ನೂ ಅಂಕಿ ಇಲ್ಲ.

ಇವತ್ತು ಮಧ್ಯಾಹ್ನ ಹೊರಗಿನಿಂದ ಒಂದು ತಂಡ ಬಂದಿತ್ತು, ನನ್ನ ವಿಧಾನ ನೋಡಲು. ಮುಂಚೆಯೇ ನಿಗದಿಯಾದ ಕಾರ್ಯಕ್ರಮ. ಮುಖ್ಯಸ್ಥರು ಭುಜದ ಮೇಲೆ ಕೈ ಇಟ್ಟು, "ನಿಮಗೆ ಕಷ್ಟ ಅಂತ ಗೊತ್ತು. ಅರ್ಧ ಗಂಟೆ ಅಷ್ಟೇ" ಎಂದರು. ಮತ್ತೆ ಅಷ್ಟೇ. ನಿಂತು ವಿವರಿಸಿದೆ. ನಗಿಸಿದೆ ಕೂಡ. ಅಭ್ಯಾಸ ನೋಡು, ನಾಲಗೆ ತನ್ನ ಪಾಡಿಗೆ ತಾನು ನಗಿಸುತ್ತಿತ್ತು. ಚಪ್ಪಾಳೆ ತಟ್ಟಿದರು. ಅವರಲ್ಲೊಬ್ಬಳು, "ಬ್ಯಾರೋಮೀಟರೇ ಬೇಡ ಅಂತೀರಾ ಹಾಗಾದ್ರೆ?" ಎಂದು ಕೇಳಿದಳು. "ಬೇಡಮ್ಮ" ಎಂದೆ.

ಆಮೇಲೆ ಪಡಸಾಲೆಗೆ ಬಂದು ಗೋಡೆಯ ಮೇಲಿನ ಆ ದುಂಡು ಗುರುತಿನ ಮುಂದೆ ನಿಂತೆ. ಎಷ್ಟು ಹೊತ್ತು ನಿಂತೆನೋ. ಕಾವಲಿನವನು ಬಂದು, "ಮನೇಗ್ ಹೋಗಿ ಸಾರ್" ಎಂದ.

ಎಲ್ಲಿದ್ದೀಯೋ. ಒಂದು ಅಂಕಿ ಕೊಡೋ. ತಪ್ಪು ಅಂಕಿಯಾದರೂ ಕೊಡು.

ಭಾವ


ಜುಲೈ ೧೧

ನನ್ನ ಚಿನ್ನದಂಥ ಅಲೆಮಾರಿಗೆ,

ಸಿಕ್ಕಿದೆ. ನೀನು ಸಿಕ್ಕಿದೆ. ಇದನ್ನು ಓದುವಾಗ ನೀನು ಒಣ ಹಾಸಿಗೆಯ ಮೇಲೆ ಇರುತ್ತೀ ಎಂದು ಗೊತ್ತಿದ್ದೂ ಮತ್ತೆ ಬರೆಯುತ್ತೇನೆ, ಸಿಕ್ಕಿದೆ.

ನಿನ್ನೆ ಬೆಳಿಗ್ಗೆ ಶೋಧನೆಯವನಿಗೆ ಕುಳಿಯ ಆಳ ಹೇಳಿದೆ. ಕುಳಿ ತುಂಬುತ್ತಾ ಬಂದಿದೆ, ಬಿರುಗಾಳಿ ಇಳಿಯುತ್ತಿದೆ, ಒಳಗೆ ಬಿಡಬಹುದು ಎಂದೆ. ಹೋಗಬೇಕಾದ ಜಾಗವನ್ನೂ ಹೇಳಿದೆ. "ಅಷ್ಟು ಕರೆಕ್ಟಾಗಿ ಹೆಂಗ್ ಹೇಳ್ತೀರಾ?" ಎಂದ. "ನನ್ನ ನಕ್ಷೆ ಹೇಳುತ್ತೆ" ಎಂದೆ. ಸಂಜೆಯೊಳಗೆ ಮುದುಕಿ ಕಂಡಳಂತೆ, ಒಂದು ಪಕ್ಕಕ್ಕೆ ವಾಲಿಕೊಂಡು, ಹೊಗೆಗೂಡು ಇಲ್ಲದೆ. ಕೇಳಿದವಳೇ ನಿನ್ನ ಅಕ್ಕ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಎದ್ದು, "ಊಟ ಮಾಡಿ" ಎಂದಳು.

ಇವತ್ತಿನ ಪತ್ರಿಕೆ ನೋಡು, ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. "ಗಾಳಿ ಓದಿ ಹಡಗು ಹುಡುಕಿದ ವಿಜ್ಞಾನಿ" ಎಂದು ತಲೆಬರಹ. ಫೋಟೋದಲ್ಲಿ ಹೊಟ್ಟೆ ಸ್ವಲ್ಪ ಮುಂದಿದೆ, ಅದು ಹೆಮ್ಮೆ. ಮುಖ್ಯಸ್ಥರು ಎಲ್ಲರೆದುರು ತಬ್ಬಿಕೊಂಡರು. ಕಡಲಿನಲ್ಲಿ ಒಂದೂ ಬ್ಯಾರೋಮೀಟರ್ ಇಲ್ಲದೆ, ಬರೀ ಗಾಳಿಯಿಂದ! ನಾನು ಹೇಳಿರಲಿಲ್ಲವೇ ನಿನಗೆ? ಗಾಳಿಗೋಪುರ ಎಂದು ನಗುತ್ತಿದ್ದೆಯಲ್ಲ, ನೋಡು, ಅದೇ ಗೋಪುರ ಹತ್ತಿ ನಿನ್ನನ್ನು ಕಂಡೆ.

ತಾತನಿಗೆ ಹೇಳು, ಅವರ ಕರ್ಮ ಫಲ ಕೊಟ್ಟಿತು ಎಂದು.

ಗಾಳಿ ಓದುವ,
ನಿನ್ನ ಭಾವ


ಆಗಸ್ಟ್ ೩

ಭಾವ,

ಆಸ್ಪತ್ರೆಯ ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ. ಪಕ್ಕೆಲುಬು ಕೂಡಿಕೊಳ್ಳುತ್ತಿದೆ. ನಿಮ್ಮ ಕಾಗದಗಳು, ಅಕ್ಕನ ಕಾಗದ, ಎಲ್ಲ ಒಟ್ಟಿಗೆ ಏಜೆಂಟ್ ತಂದುಕೊಟ್ಟ. ಅಕ್ಕನದನ್ನು ಮೊದಲು ಓದಿದೆ. ಅವಳಿಗೆ ಬೇರೆ ಬರೆದಿದ್ದೇನೆ.

ಹೇಗಾಯಿತು ಎಂದು ಹೇಳುತ್ತೇನೆ. ಒಂದು ಅಲೆ ಮೇಲಿನ ಕೋಣೆಯ ಗಾಜನ್ನೆಲ್ಲ ಒಡೆದು ಒಳಗೆ ಬಂತು. ರೇಡಿಯೋ, ಫೋನ್, ಎಲ್ಲ ಹೋಯಿತು. ಎಂಜಿನ್ ನಿಂತಿತು. ತಾತ ಕೆಳಗೆ ಸಿಕ್ಕಿಬಿದ್ದಿದ್ದರು, ಎಳೆದು ತೆಗೆದಾಗ ಕಾಲು ಜಜ್ಜಿತ್ತು. ಬ್ಯಾರೋಮೀಟರೂ ಆ ಚಪ್ಪಲಿ ಡಬ್ಬವೂ ಗೋಡೆಯ ಮೇಲೆ ಹಾಗೆಯೇ ಇದ್ದವು. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು.

ಒತ್ತಿದೆ, ಭಾವ. ಮೊದಲ ದಿನದಿಂದಲೇ. ಆರು ಗಂಟೆಗೊಮ್ಮೆ, ಒಂದೂ ತಪ್ಪಿಸದೆ. ಒತ್ತಡ, ಗಾಳಿ, ನಾವಿರುವ ಜಾಗ. ಬೇರೆ ಏನೂ ಹೇಳಲು ಬರುವುದಿಲ್ಲ ಅದಕ್ಕೆ, ಆದರೆ ನೀವು ನೋಡಿದರೆ ಸಾಕಿತ್ತು. ಹುಡುಗರು ಹೆದರಿ ಹೋಗಿದ್ದರು. ಅವರಿಗೆಲ್ಲ ಹೇಳಿದೆ, "ಕಂಪನಿಗೆ ಗೊತ್ತಿಲ್ದೆ ಇರ್ಬಹುದು, ನಮ್ ಭಾವ ನೋಡ್ತಿರ್ತಾರೆ. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಮೊದಲು ನೋಡೋದೇ ನನ್ ಸಾಲು." ಅಡುಗೆಯವನು ಕೂಡ ನನ್ನನ್ನು ಕಪ್ಪುಪಟ್ಟಿ ಎನ್ನುವುದನ್ನು ಬಿಟ್ಟ.

ತಾತನಿಗೆ ಜ್ವರ ಏರಿತು. ಕಾಲು ಕಪ್ಪಾಗುತ್ತಾ ಹೋಯಿತು. ಪ್ರತಿ ಸಲ ಒತ್ತಿ ಬಂದಾಗಲೂ ಕಣ್ಣು ತೆರೆದು ಕೇಳುತ್ತಿದ್ದರು, "ನೋಡಿದ್ನೇನೋ ನಿನ್ ಭಾವ?" "ನೋಡಿದಾರೆ ತಾತ, ಹಡಗು ಹೊರಟಿದೆ" ಎನ್ನುತ್ತಿದ್ದೆ. ಒಂಬತ್ತನೇ ತಾರೀಕು ಮಧ್ಯಾಹ್ನವೂ ಕೇಳಿದರು. ಅದೇ ಹೇಳಿದೆ. "ಒಳ್ಳೇವ್ನು ಕಣೋ" ಎಂದರು. ಆಮೇಲೆ ಮಾತಾಡಲಿಲ್ಲ. ಮರುದಿನ ಸಂಜೆ ನಿಮ್ಮ ಹಡಗು ಬಂತು. ಡಾಕ್ಟರ್ ಇಲ್ಲಿ ಹೇಳಿದರು, ಎರಡು ದಿನ ಮುಂಚೆ ಸಿಕ್ಕಿದ್ದರೆ ಕಾಲು ಹೋಗುತ್ತಿತ್ತು, ಮನುಷ್ಯ ಉಳಿಯುತ್ತಿದ್ದರು ಎಂದು. ಬಿರುಗಾಳಿ ಬಿಡಬೇಕಲ್ಲ, ನೀವಾದರೂ ಏನು ಮಾಡುತ್ತೀರಿ.

ಪತ್ರಿಕೆಯಲ್ಲಿ ಬರೀ ಗಾಳಿಯಿಂದ ಎಂದಿದೆ. ಪತ್ರಿಕೆಯವರಿಗೆ ನನ್ನ ಸಾಲಿನ ವಿಷಯ ಹೇಳಿ ಅರ್ಥಮಾಡಿಸುವುದು ಕಷ್ಟ ಅಂತ ಬಿಟ್ಟಿರಬೇಕು. ಪರವಾಗಿಲ್ಲ ಭಾವ. ಇಬ್ಬರಿಗೆ ಗೊತ್ತಿದ್ದರೆ ಸಾಕು.

ತಾತನ ಹೆಂಡತಿಗೆ ಒಂದು ಕಾಗದ ಬರೆಯುತ್ತೀರಾ? ಆಕೆ ನಿಮ್ಮ ವಿಳಾಸ ಕೇಳಿದ್ದಾರೆ. ಧನ್ಯವಾದ ಹೇಳಬೇಕಂತೆ.

ನಿಮ್ಮ ಮೈದುನ


ಆಗಸ್ಟ್ ೨೦

ಮೈದುನನಿಗೆ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ದಿನಾ ಬರೆಯಲು ಕೂತೆ. ನಿನ್ನೆ ಕದ್ದ ಮಾಲನ್ನು ಗೋಡೆಯಿಂದ ಇಳಿಸಿ, ಅದೇ ಟವೆಲಿನಲ್ಲಿ ಸುತ್ತಿ, ಕಚೇರಿಗೆ ಒಯ್ದು ಅದೇ ಮೊಳೆಗೆ ಹಾಕಿದೆ. ಅದನ್ನೂ ಯಾರೂ ಗಮನಿಸಲಿಲ್ಲ. ಹಿಂತಿರುಗಿಸುವುದನ್ನು ಸಣ್ಣ ಕಳ್ಳತನದಿಂದ ಶುರುಮಾಡಿದರೆ ದೊಡ್ಡದನ್ನು ಒಪ್ಪಿಕೊಳ್ಳಲು ಧೈರ್ಯ ಬರುತ್ತದೇನೋ ಎಂದುಕೊಂಡೆ. ಬರಲಿಲ್ಲ. ಹಾಗೇ ಬರೆಯುತ್ತೇನೆ.

ಆಯಿತು ಅಂತಲೇ ಇಟ್ಟುಕೋ ಎಂದು ಜೂನ್‌ನಲ್ಲಿ ಬರೆದಿದ್ದೆ. ಆಗಿರಲಿಲ್ಲ. ಟಿಪ್ಪಣಿ ಬರೆಯಬೇಕಿತ್ತು, ನಾಳೆ ಎಂದೆ, ಮರೆತೆ. ಬೆಳಿಗ್ಗೆ ಕಾಫಿ ಲೋಟ ಇಟ್ಟು ಮೊದಲು ನಿನ್ನ ಸಾಲು ನೋಡುತ್ತೇನೆ ಎಂದದ್ದು ಸುಳ್ಳು. ಚೆಂದದ ವಾಕ್ಯವಾಗಿತ್ತು, ಅದಕ್ಕೇ ಬರೆದೆ. ನಿನ್ನ ಅಕ್ಕನಿಗೆ ಸಂಜೆ ಒಪ್ಪಿಸುತ್ತಿದ್ದ ವರದಿ ನನ್ನ ತಲೆಯಿಂದ ಹುಟ್ಟಿದ್ದು. ಹಾಗಾಗಿ ಜುಲೈನಲ್ಲಿ ಪರದೆಯ ಮೇಲೆ ನಿನ್ನ ಜಾಗ ಖಾಲಿ ಕಂಡಾಗ, ಅದು ಎಷ್ಟೋ ವಾರಗಳಿಂದ ಖಾಲಿಯೇ ಇತ್ತು ಎಂದು ನನಗೆ ಹೊಳೆಯಲಿಲ್ಲ. ನೀನು ಹೋದೆ ಎಂದುಕೊಂಡೆ.

ಹತ್ತನೇ ತಾರೀಕು ಬೆಳಿಗ್ಗೆ ಗಾಳಿಯಿಂದ ಏನೂ ತಿಳಿಯಲಿಲ್ಲ. ಆ ನಕ್ಷೆಗೆ ಒಂದು ಅಂಕಿ ಬೇಕಿತ್ತು, ಯಾವ ಕಡಲಿನಲ್ಲೂ ಸಿಗಲಿಲ್ಲ. ಕೊನೆಗೆ, ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುವ ಹಾಗೆ, ಹಾಳಾದ ಬ್ಯಾರೋಮೀಟರಾದರೂ ಸರಿ ಎಂದು ಕಸದಬುಟ್ಟಿ ತೆರೆದೆ. ಅಲ್ಲಿ ನೀನಿದ್ದೆ. ಒಂದರ ಕೆಳಗೊಂದು, ಆರು ಗಂಟೆಗೊಮ್ಮೆ, ಒಂದೂ ತಪ್ಪದೆ, ಮೊದಲ ದಿನದಿಂದ. ಒತ್ತಡ ಇಳಿದದ್ದು, ತಳ ಮುಟ್ಟಿದ್ದು, ಮತ್ತೆ ನಿಧಾನಕ್ಕೆ ಏರಿದ್ದು. ಎಲ್ಲ ಅಂಕಿಯೂ ಸರಿಯಾಗಿತ್ತು. ನಾನು ಶೋಧನೆಯವನಿಗೆ ಹೇಳಿದ ಆಳ ನಿನ್ನದು, ಜಾಗ ನಿನ್ನದು. ಎರಡು ದಿನ ಮುಂಚೆಯೇ ಕುಳಿ ತುಂಬುತ್ತಾ ಬಿರುಗಾಳಿ ಇಳಿಯತೊಡಗಿತ್ತು ಎಂದೂ ಅದರಲ್ಲಿತ್ತು. ಅವನ ಹಡಗು ಹೊರಗೆ ಕಾಯುತ್ತಿತ್ತು.

ಇದನ್ನು ಮುಖ್ಯಸ್ಥರಿಗೆ ನಾಳೆ ಹೇಳುತ್ತೇನೆ. ನಾಳೆ ಅಂದರೆ ನಾಳೆಯೇ. ನಿನ್ನ ಅಕ್ಕನಿಗೆ ಇವತ್ತು ಹೇಳಿದೆ. ಗೋಡೆಯ ಮೇಲೆ ಅದು ಇದ್ದ ಜಾಗದಲ್ಲಿ ಬೆರಳಿನಿಂದ ಎರಡು ಸಲ ತಟ್ಟಿದಳು, ಅಡುಗೆಮನೆಗೆ ಹೋದಳು.

ತಾತನ ಹೆಂಡತಿಗೆ ಬರೆಯುತ್ತೇನೆ. ಧನ್ಯವಾದ ಬೇಡ ಎಂದು ಮೊದಲ ಸಾಲಿನಲ್ಲೇ ಬರೆಯುತ್ತೇನೆ.

ನಾನು ನೋಡುತ್ತಿರಲಿಲ್ಲ ಕಣೋ. ಒಂಬತ್ತನೇ ತಾರೀಕು ಮಧ್ಯಾಹ್ನ ಆತ ನಿನ್ನನ್ನು ಆ ಪ್ರಶ್ನೆ ಕೇಳಿದ ಹೊತ್ತಿಗೆ ನಾನು ಹೊರಗಿನಿಂದ ಬಂದವರ ಮುಂದೆ ನಿಂತು, ಬ್ಯಾರೋಮೀಟರ್ ಇಲ್ಲದೆ ಒತ್ತಡ ಹೇಳುವುದು ಹೇಗೆ ಎಂದು ವಿವರಿಸುತ್ತಿದ್ದೆ.

ಭಾವ